ಜೇನ್ ಡೋ: ಹೆಸರಿಲ್ಲದವಳ ಆಲ್ಬಂ

ಅಮೆರಿಕದಲ್ಲಿ ಗುರುತು ಸಿಗದ ಹೆಣ್ಣಿನ ಶವವೊಂದು ಶವಾಗಾರಕ್ಕೆ ಬಂದರೆ ಕಾಗದಪತ್ರಗಳಲ್ಲಿ ಅವಳಿಗೆ ಕೊಡುವ ಹೆಸರು ಜೇನ್ ಡೋ. ಗಂಡಾದರೆ ಜಾನ್ ಡೋ. ತನ್ನ ನಿಜವಾದ ಹೆಸರು ಬಯಲಾಗುವುದು ಬೇಡ ಎಂದು ಕೋರಿಕೊಳ್ಳುವ ಹೆಣ್ಣುಮಗಳು ಇದೇ ಹೆಸರಿನಲ್ಲಿ ದಾವೆ ಹೂಡುವುದೂ ಉಂಟು. ಈ ಡೋ ಮನೆತನದ ಮೂಲಪುರುಷ ಹಳೆಯ ಇಂಗ್ಲಿಷ್ ಕಾನೂನಿನವನು. ಜಮೀನಿನ ವ್ಯಾಜ್ಯ ನಡೆಸಲು ವಕೀಲರು ಹುಟ್ಟಿಸಿಕೊಂಡಿದ್ದ ಕಾಲ್ಪನಿಕ ವ್ಯಕ್ತಿ. ಇಂಗ್ಲೆಂಡ್ 1852ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟಿತು. ಅಮೆರಿಕ ಹೆಸರನ್ನು ಉಳಿಸಿಕೊಂಡಿತು. ನಮ್ಮಲ್ಲೂ ದೊಡ್ಡ ಸಿನಿಮಾ ತೆರೆಗೆ ಬರುವ ಮುಂಚೆ ನಿರ್ಮಾಪಕರು ಪೈರಸಿ ತಡೆಯಲು ‘ಜಾನ್ ಡೋ ಆದೇಶ’ ತಂದರು ಎಂದು ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಅದು ಇದೇ ಆಸಾಮಿಯ ಹೆಸರಿನಲ್ಲಿ.

2001ರ ಸೆಪ್ಟೆಂಬರ್ 4ರಂದು ಮ್ಯಾಸಚೂಸೆಟ್ಸ್ ರಾಜ್ಯದ ಕನ್ವರ್ಜ್ ಎಂಬ ಬ್ಯಾಂಡು ತನ್ನ ನಾಲ್ಕನೆಯ ಆಲ್ಬಂ ಹೊರತಂದಿತು. ಅದರ ಹೆಸರು ‘ಜೇನ್ ಡೋ’. ಹನ್ನೆರಡು ಹಾಡು, ಸುಮಾರು 45 ನಿಮಿಷ. ಮೆಟಾಲಿಕ್ ಹಾರ್ಡ್‌ಕೋರ್ ಎಂಬ ಪ್ರಕಾರದ ಬಗ್ಗೆ ಇಂದು ಯಾರು ಏನೇ ಬರೆದರೂ ಈ ಆಲ್ಬಂ ದಾಟಿಕೊಂಡೇ ಹೋಗಬೇಕು. ಆದರೆ ಮೊದಲ ಸಲ ಕೇಳುವವರಿಗೆ ಇದು ಸಂಗೀತವೇ ಎಂಬ ಅನುಮಾನ ಬಂದರೆ ಅದು ಅವರ ಕಿವಿಯ ದೋಷವಲ್ಲ. ಮೊದಲ ಹಾಡು ‘ಕಾಂಕ್ಯುಬೈನ್’ ಒಂದೂಕಾಲು ನಿಮಿಷದಲ್ಲಿ ಮುಗಿದುಹೋಗುತ್ತದೆ. ಅಷ್ಟರಲ್ಲಿ ಗಾಯಕ ಜೇಕಬ್ ಬ್ಯಾನನ್ ಗಂಟಲು ಹರಿಯುವಂತೆ ಏನನ್ನೋ ಕಿರುಚಿ ಮುಗಿಸಿರುತ್ತಾರೆ. ಒಂದು ಪದವೂ ತಿಳಿಯುವುದಿಲ್ಲ. ಉಸಿರೆಳೆದುಕೊಳ್ಳುವ ಮೊದಲೇ ಎರಡನೆಯ ಹಾಡು ಬಂದು ಬಡಿಯುತ್ತದೆ.

ಪದ ತಿಳಿಯದ ಈ ಕಿರುಚಾಟವನ್ನು ಸಾವಿರಾರು ಜನ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಎದೆಗೆ ಹಚ್ಚಿಕೊಂಡಿದ್ದು ಯಾಕೆ? ಅದರ ಮುಖಪುಟದಲ್ಲಿರುವ ಹೆಣ್ಣಿನ ಮುಖವನ್ನು ತಮ್ಮ ಮೈಮೇಲೆ ಹಚ್ಚೆ ಹಾಕಿಸಿಕೊಂಡಿದ್ದು ಯಾಕೆ? ಈ ಪ್ರಶ್ನೆಯ ಹಿಂದೆ ಬಿದ್ದ ನನಗೆ ದಾರಿ ಕಂಡಿದ್ದು ವ್ಯಾಕರಣದಲ್ಲಿ, ಅದರಲ್ಲೂ ಸರ್ವನಾಮಗಳಲ್ಲಿ. ಹಾರ್ಡ್‌ಕೋರ್ ‘ನಾವು’ ಎಂದು ಶುರುವಾದ ಸಂಗೀತ. ಜೇನ್ ಡೋ ಅದನ್ನು ‘ನಾನು’ ಎಂಬಲ್ಲಿಗೆ ತಂದು ನಿಲ್ಲಿಸಿತು. ‘ಅವಳು’ ಎಂಬುವಳ ಲೆಕ್ಕ ಮಾತ್ರ ಬಾಕಿ ಉಳಿಯಿತು.

ಮೊದಲು ‘ನಾವು’ ಕಥೆ. 1980ರ ಆಸುಪಾಸಿನಲ್ಲಿ ಲಾಸ್ ಏಂಜಲೀಸ್, ವಾಷಿಂಗ್ಟನ್, ಬಾಸ್ಟನ್‌ನಂಥ ನಗರಗಳ ಹುಡುಗರು ಪಂಕ್ ಸಂಗೀತವನ್ನು ಇನ್ನಷ್ಟು ವೇಗವಾಗಿ, ಇನ್ನಷ್ಟು ಚಿಕ್ಕದಾಗಿ, ಇನ್ನಷ್ಟು ಒರಟಾಗಿ ಬಾರಿಸತೊಡಗಿದರು. ಅದಕ್ಕೆ ಹಾರ್ಡ್‌ಕೋರ್ ಎಂಬ ಹೆಸರು ಬಂತು. ಲಾಸ್ ಏಂಜಲೀಸ್ ಕಡೆಯ ಬ್ಲ್ಯಾಕ್ ಫ್ಲ್ಯಾಗ್, ವಾಷಿಂಗ್ಟನ್ನಿನ ಮೈನರ್ ಥ್ರೆಟ್ ಮೊದಲ ಸಾಲಿನ ಬ್ಯಾಂಡುಗಳು. ವೇದಿಕೆಯ ಎತ್ತರ ಹೆಚ್ಚೆಂದರೆ ಮೊಳಕಾಲುದ್ದ, ಅನೇಕ ಕಡೆ ಅದೂ ಇಲ್ಲ. ಪಲ್ಲವಿ ಬಂದಾಗ ಗಾಯಕ ಮೈಕನ್ನು ಎದುರಿಗಿದ್ದವರ ಬಾಯಿಗೆ ಹಿಡಿಯುತ್ತಾನೆ, ಇಡೀ ಗುಂಪು ಕೂಗುತ್ತದೆ. ಬಾಸ್ಟನ್ನಿನ ಎಸ್‌ಎಸ್ ಡಿಕಂಟ್ರೋಲ್ 1982ರಲ್ಲಿ ಹೊರತಂದ ಮೊದಲ ಆಲ್ಬಂನ ಹೆಸರಿನಲ್ಲೇ ಹುಡುಗರು ತಮ್ಮ ಮಾತನ್ನು ಹೇಳಿಯೇ ತೀರುತ್ತಾರೆ ಎಂಬ ಪಣವಿತ್ತು. ಕುಡಿಯುವುದಿಲ್ಲ, ಸೇದುವುದಿಲ್ಲ, ಮಾದಕವಸ್ತು ಮುಟ್ಟುವುದಿಲ್ಲ ಎಂಬ ‘ಸ್ಟ್ರೇಟ್ ಎಡ್ಜ್’ ವ್ರತವೂ ಇದೇ ವಲಯದಲ್ಲಿ ಹುಟ್ಟಿತು. ಒಗ್ಗಟ್ಟು, ಗೆಳೆತನ, ದ್ರೋಹ, ನಿಷ್ಠೆ: ಹಾಡಿನ ವಸ್ತುಗಳು ಇವು. ಮೆರವಣಿಗೆಯ ಘೋಷಣೆಗೂ ಈ ಹಾಡುಗಳಿಗೂ ದೂರವೇನಿರಲಿಲ್ಲ.

ಮೆಟಲ್ ಸಂಗೀತದ ಮನೆ ಬೇರೆ. ಅಲ್ಲಿ ಎತ್ತರದ ವೇದಿಕೆ, ಕೈಚಳಕದ ಗಿಟಾರ್ ವಾದಕ, ಸಾವು ಸೈತಾನರ ಚಿತ್ರಗಳು. 80ರ ದಶಕದ ನಡುವಿನ ಹೊತ್ತಿಗೆ ಎರಡು ಮನೆಗಳ ನಡುವಿನ ಗೋಡೆ ಬಿರುಕು ಬಿಟ್ಟಿತು. ನ್ಯೂಯಾರ್ಕಿನ ಕ್ರೋ-ಮ್ಯಾಗ್ಸ್ 1986ರಲ್ಲಿ ತಂದ ಆಲ್ಬಂ ಈ ಬೆಸುಗೆಯ ಮುಖ್ಯ ದಾಖಲೆ. ಅದರ ಹೆಸರು ‘ದಿ ಏಜ್ ಆಫ್ ಕ್ವಾರಲ್’, ಎಂದರೆ ನಮ್ಮ ಕಲಿಯುಗ! ಬ್ಯಾಂಡಿನ ಮುಖ್ಯರು ಹರೇ ಕೃಷ್ಣ ಪಂಥಕ್ಕೆ ಒಲಿದಿದ್ದರು. ನ್ಯೂಯಾರ್ಕಿನ ಬೀದಿಗಳ ಹೊಡೆದಾಟವನ್ನು ಹಾಡಲು ಹೊರಟ ಹುಡುಗರಿಗೆ ಪುರಾಣದ ಯುಗಕಲ್ಪನೆ ಒದಗಿಬಂದದ್ದು ನನಗೆ ಈಗಲೂ ಸೋಜಿಗ. ಆ ನಂಟು ಅಲ್ಲಿಗೇ ನಿಲ್ಲಲಿಲ್ಲ. ಯೂತ್ ಆಫ್ ಟುಡೇ ಬ್ಯಾಂಡಿನ ಗಾಯಕ ರೇ ಕ್ಯಾಪೊ ಕೃಷ್ಣಭಕ್ತರಾಗಿ ಶೆಲ್ಟರ್ ಎಂಬ ಹೊಸ ಬ್ಯಾಂಡು ಕಟ್ಟಿದರು; ಅದರ ಸಂಗೀತ ಹೊರತರಲು ಒಂದು ಪ್ರಕಾಶನ ಸಂಸ್ಥೆ ಶುರುಮಾಡಿದರು. ಅದರ ಹೆಸರು ಈಕ್ವಲ್ ವಿಷನ್. ಗೀತೆಯ ಐದನೆಯ ಅಧ್ಯಾಯದಲ್ಲಿ ಪಂಡಿತನನ್ನು ‘ಸಮದರ್ಶಿ’ ಎನ್ನುವ ಮಾತಿದೆಯಲ್ಲ, ಅದರ ಇಂಗ್ಲಿಷ್ ರೂಪ. ಮುಂದೆ ಬೇರೆಯವರ ಕೈಗೆ ಹೋದ ಈ ಸಂಸ್ಥೆಯೇ 2001ರಲ್ಲಿ ಜೇನ್ ಡೋವನ್ನು ಪ್ರಕಟಿಸಿತು. ಆಲ್ಬಂನಲ್ಲಿ ಗೀತೆಯ ಸುಳಿವೇನೂ ಇಲ್ಲ. ಸಮಚಿತ್ತವಂತೂ ಕಿಂಚಿತ್ತೂ ಇಲ್ಲ.

90ರ ದಶಕದಲ್ಲಿ ಬೆಸುಗೆ ಗಟ್ಟಿಯಾಯಿತು. ಕ್ಲೀವ್‌ಲ್ಯಾಂಡಿನ ಇಂಟೆಗ್ರಿಟಿ 1991ರಲ್ಲಿ, ಸಿರಕ್ಯೂಸಿನ ಅರ್ಥ್ ಕ್ರೈಸಿಸ್ 1995ರಲ್ಲಿ ತಂದ ಆಲ್ಬಂಗಳು ಮೆಟಲ್‌ನ ಭಾರವನ್ನು ಹಾರ್ಡ್‌ಕೋರ್‌ನ ಹಟಕ್ಕೆ ಜೋಡಿಸಿದವು. ಗಿಟಾರಿನ ತಂತಿಗಳನ್ನು ಸಡಿಲಿಸಿ ಶ್ರುತಿ ಇಳಿಸಿದರು. ‘ಬ್ರೇಕ್‌ಡೌನ್’ ಎಂಬ ಭಾಗ ಹಾಡಿನ ನಡುಗಂಬವಾಯಿತು. ಓಡುತ್ತಿದ್ದ ಲಯ ಇದ್ದಕ್ಕಿದ್ದಂತೆ ಅರ್ಧಕ್ಕಿಳಿಯುತ್ತದೆ, ಪ್ರತಿ ಪೆಟ್ಟಿನ ನಡುವೆ ಕಂದರದಷ್ಟು ಜಾಗ ಬೀಳುತ್ತದೆ, ಎದುರಿಗಿದ್ದವರ ಮೈ ತಾನಾಗಿಯೇ ಕುಸಿದು ಏಳುತ್ತದೆ. ಆದರೆ ಸಂಗೀತ ಇಷ್ಟು ಬದಲಾದರೂ ಸರ್ವನಾಮ ಬಹುಮಟ್ಟಿಗೆ ಹಳೆಯದೇ. ಅರ್ಥ್ ಕ್ರೈಸಿಸ್ ಪ್ರಾಣಿಹಿಂಸೆಯ ವಿರುದ್ಧ ಹಾಡುವಾಗ ಎದುರಿಗಿರುವುದು ಸೈನ್ಯ, ಹಾಡು ರಣಕಹಳೆ.

ಕನ್ವರ್ಜ್ ಹುಟ್ಟಿದ್ದು 1990ರಲ್ಲಿ, ಮ್ಯಾಸಚೂಸೆಟ್ಸಿನ ಸೇಲಂ ಊರಿನಲ್ಲಿ. ಬ್ಯಾನನ್ ಮತ್ತು ಗಿಟಾರ್ ವಾದಕ ಕರ್ಟ್ ಬಲೂ ಆಗಿನ್ನೂ ಹದಿಹರೆಯದ ಹುಡುಗರು. ಒಂದು ಕಿವಿಯಲ್ಲಿ ಬ್ಲ್ಯಾಕ್ ಫ್ಲ್ಯಾಗ್, ಇನ್ನೊಂದರಲ್ಲಿ ಸ್ಲೇಯರ್. ಬ್ಯಾನನ್ ಮುಂದೆ ಚಿತ್ರಕಲೆಯನ್ನೇ ಕಸುಬಾಗಿಸಿಕೊಂಡರು, ಬಲೂ ಎಂಜಿನಿಯರಿಂಗ್ ಓದಿದರು. ಈ ಎರಡು ಸ್ವಭಾವಗಳನ್ನು ನೆನಪಿಟ್ಟುಕೊಂಡರೆ ಆಲ್ಬಂ ಅರ್ಧ ಅರ್ಥವಾದಂತೆ: ಒಬ್ಬರು ಬಣ್ಣ ಚೆಲ್ಲುವವರು, ಇನ್ನೊಬ್ಬರು ಅಳತೆ ಹಿಡಿದು ಕೂರುವವರು. 90ರ ದಶಕದ ಅವರ ಮೂರು ಆಲ್ಬಂಗಳಲ್ಲಿ ಒಳ್ಳೆಯ ಹಾಡುಗಳಿವೆ, ಚದುರಿಕೊಂಡಿವೆ. ಅಷ್ಟರಲ್ಲಿ 1999ರಲ್ಲಿ ದಿ ಡಿಲ್ಲಿಂಜರ್ ಎಸ್ಕೇಪ್ ಪ್ಲ್ಯಾನ್‌ನ ‘ಕ್ಯಾಲ್ಕ್ಯುಲೇಟಿಂಗ್ ಇನ್ಫಿನಿಟಿ’, ಬಾಚ್‌ನ ‘ವಿ ಆರ್ ದ ರೋಮನ್ಸ್’ ಬಂದವು. ಎರಡೂ ಲೆಕ್ಕಾಚಾರದ ಆಲ್ಬಂಗಳು. ತಾಳ ಎಲ್ಲಿ ಮುರಿಯುತ್ತದೆ, ಎಲ್ಲಿ ಕೂಡುತ್ತದೆ ಎಂದು ಬೆರಳೆಣಿಸುತ್ತಾ ಕೂರುವ ಸುಖ ಅವುಗಳಲ್ಲಿದೆ. ನನಗೆ ಎರಡೂ ಇಷ್ಟ. ಆದರೆ ಅವನ್ನು ಕೇಳುವಾಗ ನಾನು ಭೇಷ್ ಎನ್ನುತ್ತೇನೆ. ಜೇನ್ ಡೋ ಕೇಳುವಾಗ ಹಾಗೆನ್ನಲು ಬಾಯಿ ಬರುವುದಿಲ್ಲ.

2001ರ ಬೇಸಿಗೆಯಲ್ಲಿ ಧ್ವನಿಮುದ್ರಣ ನಡೆಯಿತು. ಬಲೂ ತಾವೇ ಕಟ್ಟಿಕೊಂಡ ಗಾಡ್‌ಸಿಟಿ ಸ್ಟುಡಿಯೋದಲ್ಲಿ ಒಂದಷ್ಟು, ಬಾಸ್ಟನ್ ಪ್ರದೇಶದ ಬೇರೆ ಸ್ಟುಡಿಯೋಗಳಲ್ಲಿ ಒಂದಷ್ಟು. ಧ್ವನಿಯ ಹೊಣೆಯಲ್ಲಿ ಬಲೂ ಜೊತೆ ಮ್ಯಾಥ್ಯೂ ಎಲ್ಲಾರ್ಡ್ ಇದ್ದರು. ಬೇಸ್ ಗಿಟಾರಿಗೆ ನೇಟ್ ನ್ಯೂಟನ್, ಡ್ರಮ್ಸಿಗೆ ಬೆನ್ ಕೊಲ್ಲರ್, ಎರಡನೆಯ ಗಿಟಾರಿಗೆ ಏರನ್ ಡಾಲ್ಬೆಕ್. ಕೊಲ್ಲರ್‌ಗೆ ಕನ್ವರ್ಜ್ ಜೊತೆ ಇದು ಮೊದಲ ಪೂರ್ಣ ಆಲ್ಬಂ. ಡಾಲ್ಬೆಕ್‌ಗೆ ಇದೇ ಕೊನೆಯದು. ಮುಂದೆ ಬ್ಯಾಂಡು ನಾಲ್ಕೇ ಜನರ ಸಂಸಾರವಾಯಿತು.

ಆಲ್ಬಂನ ವಸ್ತು ಒಂದು ಸಂಬಂಧದ ಮುರಿವು. ಅಷ್ಟೇ. ಯುದ್ಧವಿಲ್ಲ, ಸರ್ಕಾರವಿಲ್ಲ, ದ್ರೋಹಿಗಳಿಗೆ ಎಚ್ಚರಿಕೆಯಿಲ್ಲ. ಪ್ರೀತಿಸಿದವಳು ಹೋಗಿದ್ದಾಳೆ, ಉಳಿದವನು ಕೂಗುತ್ತಿದ್ದಾನೆ. ಇಂಥ ವಸ್ತುವನ್ನು ಭಾವಗೀತೆಯ ಮೆಲುದನಿಗೆ ಬಿಟ್ಟುಕೊಡುವುದು ರೂಢಿ. ಜೇನ್ ಡೋ ಅದನ್ನು ಯುದ್ಧದ ಸಲಕರಣೆಗಳಿಂದಲೇ ಹೇಳಲು ಹೊರಟಿತು. ಹಾಡುಗಳ ಜೋಡಣೆಯನ್ನು ಗಮನಿಸಬೇಕು. ಮೊದಲೆರಡು ಹಾಡು ಒಂದೇ ಏಟಿನಂತೆ ಬರುತ್ತವೆ. ‘ಹೆಲ್ ಟು ಪೇ’ಯಲ್ಲಿ ವೇಗ ಸತ್ತು ಬೇಸ್ ಗಿಟಾರು ಕಾಲೆಳೆದುಕೊಂಡು ನಡೆಯುತ್ತದೆ. ‘ಹೋಮ್‌ರೆಕರ್’ ಸಿಟ್ಟಿನ ಹಾಡು, ‘ದಿ ಬ್ರೋಕನ್ ವೌ’ ಸಿಟ್ಟಿನ ಬೆನ್ನಿಗೇ ಬರುವ ಅಂಗಲಾಚುವಿಕೆ. ‘ಫೀನಿಕ್ಸ್ ಇನ್ ಫ್ಲೈಟ್’ ಎಂಬ ನಿಧಾನದ ಹಾಡು ತನ್ನ ಗಿಟಾರುಗಳ ಮಂಜನ್ನು ಹರಡಿ ಮುಗಿದೊಡನೆ ‘ಫೀನಿಕ್ಸ್ ಇನ್ ಫ್ಲೇಮ್ಸ್’ ಬರುತ್ತದೆ. ಅದರಲ್ಲಿ ಗಿಟಾರೇ ಇಲ್ಲ. ಡ್ರಮ್ಸ್ ಮತ್ತು ಬ್ಯಾನನ್ ಗಂಟಲು, ಎರಡೇ. ಒಂದು ನಿಮಿಷವೂ ಇಲ್ಲದ ಆ ತುಣುಕಿನಲ್ಲಿ ರಾಗ, ಸ್ವರ, ಪಲ್ಲವಿ ಎಲ್ಲ ಉದುರಿಹೋಗಿ ಉಳಿಯುವುದು ಬಡಿತ ಮತ್ತು ಕೂಗು. ಹಾರ್ಡ್‌ಕೋರ್ ಇತಿಹಾಸವನ್ನು ಒಲೆಯ ಮೇಲಿಟ್ಟು ಬತ್ತಿಸಿದರೆ ತಳದಲ್ಲಿ ಉಳಿಯುವುದೂ ಅಷ್ಟೇ ಇರಬೇಕು.

ಕೊನೆಯದು ಆಲ್ಬಂನ ಹೆಸರನ್ನೇ ಹೊತ್ತ ಹಾಡು, ಹನ್ನೊಂದು ನಿಮಿಷಕ್ಕೂ ಉದ್ದ. ಒಂದು ನಿಮಿಷದ ಹಾಡುಗಳ ಪರಂಪರೆಯಲ್ಲಿ ಇದೊಂದು ಧಾರ್ಷ್ಟ್ಯವೇ. ಅದರಲ್ಲಿ ಮೊದಲ ಬಾರಿಗೆ ಎಂಬಂತೆ ದನಿಗೆ ರಾಗ ಬರುತ್ತದೆ. ಕಿರುಚಿ ಕಿರುಚಿ ಸೋತವನು ಹಾಡಲು ಯತ್ನಿಸುತ್ತಿರುವಂತೆ ಕೇಳುತ್ತದೆ. ಹಿಂದೆ ಗಿಟಾರುಗಳು ಅಲೆಯ ಮೇಲೆ ಅಲೆಯಾಗಿ ಏರುತ್ತ ಹೋಗುತ್ತವೆ. ಮೂವತ್ತು ನಿಮಿಷ ಬಡಿಸಿಕೊಳ್ಳದೆ ನೇರವಾಗಿ ಈ ಹಾಡಿಗೆ ಬಂದರೆ ಏನೂ ಆಗುವುದಿಲ್ಲ. ನಾನು ಗೆಳೆಯರಿಗೆ ಇದನ್ನು ಬಿಡಿಯಾಗಿ ಕೇಳಿಸುವುದೇ ಇಲ್ಲ.

ಇನ್ನು ಆ ತಿಳಿಯದ ಪದಗಳು. ಸಿ.ಡಿ.ಯ ಜೊತೆಗಿನ ಪುಸ್ತಿಕೆಯಲ್ಲಿ ಸಾಹಿತ್ಯ ಅಚ್ಚಾಗಿದೆ, ಆದರೆ ಬ್ಯಾನನ್ ಅದನ್ನು ಚಿತ್ರದೊಳಗೆ ಚಿತ್ರವಾಗಿ ಹುದುಗಿಸಿದ್ದಾರೆ. ಓದಲು ಕಣ್ಣು ಕಿರಿದು ಮಾಡಿಕೊಳ್ಳಬೇಕು. ಓದಿದರೂ, ಕಿವಿಗೆ ಬೀಳುವುದಕ್ಕೂ ಕಣ್ಣಿಗೆ ಕಾಣುವುದಕ್ಕೂ ಎಲ್ಲ ಕಡೆ ತಾಳೆಯಾಗುವುದಿಲ್ಲ. ಪುಟದ ಮೇಲೆ ಅವು ಕವಿತೆಗಳು, ಕೆಲವು ತೀರಾ ಮೆದು ಮಾತಿನವು. ಬಾಯಿಗೆ ಬರುವಾಗ ಪದಗಳು ಕರಗಿ ಬರೀ ದನಿಯಾಗುತ್ತವೆ. ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವವರನ್ನು ಕೇಳಿದವರಿಗೆ ಇದು ಹೊಸದಲ್ಲ: ಶುರುವಿನಲ್ಲಿ ಸತ್ತವರ ಹೆಸರು, ಗುಣ, ನೆನಪು ಎಲ್ಲ ಇರುತ್ತವೆ, ಸ್ವಲ್ಪ ಹೊತ್ತಿಗೆ ಅಳು ಮಾತನ್ನು ನುಂಗಿಬಿಡುತ್ತದೆ, ಆಮೇಲೆ ಆ ಅಳು ಯಾರದ್ದಾದರೂ ಆಗಬಹುದು. ಜೇನ್ ಡೋದ ಸೆಳೆತದ ಗುಟ್ಟು ಇಲ್ಲೇ ಇದೆ ಎಂದು ನನ್ನ ಎಣಿಕೆ. ಬ್ಯಾನನ್ ತಮ್ಮ ನೋವನ್ನು ಸ್ಪಷ್ಟವಾಗಿ ಉಚ್ಚರಿಸಿದ್ದರೆ ಅದು ಅವರ ಡೈರಿಯಾಗಿ ಉಳಿಯುತ್ತಿತ್ತು. ಉಚ್ಚಾರ ಕಳೆದುಕೊಂಡಿದ್ದರಿಂದ ಕೇಳಿದವರು ತಮ್ಮ ಮಾತನ್ನು ಅದರಲ್ಲಿ ತುಂಬಿಕೊಂಡರು. ‘ನಾವು’ ಎಂಬುದನ್ನು ಕೈಬಿಟ್ಟ ಆಲ್ಬಂಗೆ ಹೀಗೆ ಹಿತ್ತಲ ಬಾಗಿಲಿನಿಂದ ‘ನಾವು’ ಮರಳಿ ಬಂತು. 2016ರ ಏಪ್ರಿಲ್‌ನಲ್ಲಿ ನೆದರ್ಲ್ಯಾಂಡ್ಸಿನ ಟಿಲ್‌ಬರ್ಗ್ ಊರಿನ ರೋಡ್‌ಬರ್ನ್ ಉತ್ಸವದಲ್ಲಿ ಕನ್ವರ್ಜ್ ಈ ಆಲ್ಬಂ ಅನ್ನು ಮೊದಲಿಂದ ಕೊನೆಯವರೆಗೆ ನುಡಿಸಿತು. ಮರುವರ್ಷ ಅದು ‘ಜೇನ್ ಲೈವ್’ ಎಂದು ಹೊರಬಂತು.

ಬಿಡುಗಡೆಯಾದ ಸರಿಯಾಗಿ ಒಂದು ವಾರಕ್ಕೆ ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದವು. ಇವೆರಡನ್ನು ಗಂಟು ಹಾಕಿ ಬರೆಯುವ ಆಸೆ ಇತಿಹಾಸದ ವಿದ್ಯಾರ್ಥಿಗೆ ಸಹಜ, ನಾನು ಹಾಕುವುದಿಲ್ಲ. ಆ ವರ್ಷದ ಕೊನೆಯಲ್ಲಿ ಬ್ರಿಟನ್ನಿನ ಟೆರರೈಸರ್ ಪತ್ರಿಕೆ ಇದನ್ನು ವರ್ಷದ ಆಲ್ಬಂ ಎಂದು ಆರಿಸಿತು. ಮೆಟಲ್ ಪತ್ರಿಕೆಯೊಂದು ಹಾರ್ಡ್‌ಕೋರ್ ಬ್ಯಾಂಡಿಗೆ ಆ ಪೀಠ ಕೊಟ್ಟದ್ದು ಬೆಸುಗೆ ಪೂರ್ಣವಾಯಿತೆಂಬ ಮುದ್ರೆಯಂತಿತ್ತು. ಜಪಾನಿನ ಒಂದು ಬ್ಯಾಂಡು ಈ ಆಲ್ಬಂನ ‘ಹೆವನ್ ಇನ್ ಹರ್ ಆರ್ಮ್ಸ್’ ಹಾಡಿನ ಹೆಸರನ್ನೇ ತನ್ನ ಹೆಸರಾಗಿಸಿಕೊಂಡಿತು. ಗಾಡ್‌ಸಿಟಿ ಮುಂದೆ ಈ ಬಗೆಯ ಸಂಗೀತಕ್ಕೆ ಕಮ್ಮಟವೇ ಆಯಿತು.

ಈಗ ‘ಅವಳು’. ಇಲ್ಲಿ ನನ್ನ ಕಸುಬಿನ ಮಾತೊಂದನ್ನು ಹೇಳಬೇಕು. ನಾನು ಓದುವ ಹಳೆಯ ಕಡತಗಳಲ್ಲಿ ಹೆಂಗಸರು ಬರುವುದು ಬಹುಪಾಲು ಇಂಥವನ ಹೆಂಡತಿ, ಇಂಥವನ ವಿಧವೆ, ಇಂಥವನ ಮಗಳು ಎಂದು. ಪುಟಗಟ್ಟಲೆ ವ್ಯಾಜ್ಯ ಅವಳ ಸುತ್ತಲೇ ನಡೆದಿರುತ್ತದೆ, ಅವಳ ಹೆಸರು ಮಾತ್ರ ಯಾರೂ ಬರೆದಿರುವುದಿಲ್ಲ. ದಿನವಿಡೀ ಅದನ್ನು ಓದಿ ಬಂದು ರಾತ್ರಿ ಈ ಆಲ್ಬಂ ಹಾಕಿಕೊಂಡರೆ ಅದರ ಶೀರ್ಷಿಕೆ ಬೇರೆಯೇ ಆಗಿ ಕೇಳಿಸುತ್ತದೆ. ಹನ್ನೆರಡು ಹಾಡು ಅವಳ ಬಗ್ಗೆ, ಅವಳದ್ದೆಂದು ಒಂದು ಮಾತೂ ಇಲ್ಲ. ಶೀರ್ಷಿಕೆಗಳಲ್ಲಿ ಅವಳು ಉಪಪತ್ನಿ, ಮನೆಮುರುಕಿ, ಕೊನೆಗೆ ಗುರುತಿಲ್ಲದ ಶವದ ಹೆಸರು. ಬ್ಯಾನನ್ ಅವಳ ಖಾಸಗಿತನ ಕಾಯಲೆಂದೇ ಹೆಸರು ಮರೆಸಿರಬಹುದು, ಜೇನ್ ಡೋ ಎಂಬುದಕ್ಕೆ ಆ ಅರ್ಥವೂ ಇದೆಯಲ್ಲ. ಆದರೂ ಹೆಸರು ಅಳಿಸುವ ಅಧಿಕಾರ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆ ಹೋಗುವುದಿಲ್ಲ. 2003ರಲ್ಲಿ ಅಮೆರಿಕದ ವಿಮರ್ಶಕಿ ಜೆಸ್ಸಿಕಾ ಹಾಪರ್ ಪಂಕ್ ಪ್ಲಾನೆಟ್ ಪತ್ರಿಕೆಯಲ್ಲಿ ಇಮೋ ಸಂಗೀತದ ಬಗ್ಗೆ ಬರೆದ ಪ್ರಬಂಧ ಇದನ್ನೇ ಕೇಳಿತ್ತು: ಈ ಹಾಡುಗಳಲ್ಲಿ ಹೆಣ್ಣು ಗಂಡಸಿನ ನೋವಿಗೆ ನೆಪವಾಗಿ ಮಾತ್ರ ಬರುತ್ತಾಳೆ, ಹಾಗಾದರೆ ಎದುರಿಗೆ ನಿಂತು ಕೇಳುವ ಹುಡುಗಿಯರು ತಮ್ಮನ್ನು ಎಲ್ಲಿ ಕಾಣಬೇಕು? ಅವರು ಬರೆದದ್ದು ಜೇನ್ ಡೋ ಬಗ್ಗೆ ಅಲ್ಲ. ಆದರೆ ಆ ಪ್ರಶ್ನೆಗೆ ಈ ಆಲ್ಬಂ ವಿನಾಯಿತಿ ಕೇಳುವಂತಿಲ್ಲ.

ಸೇಲಂ ಎಂದರೆ ಚರಿತ್ರೆ ಓದಿದವರಿಗೆ 1692ರ ಮಾಟಗಾತಿ ವಿಚಾರಣೆ ನೆನಪಾಗುತ್ತದೆ. ಆಲ್ಬಂಗೂ ಅದಕ್ಕೂ ಸಂಬಂಧವಿಲ್ಲ, ಬ್ಯಾಂಡು ಹುಟ್ಟಿದ ಊರು ಅದು ಎಂಬುದನ್ನು ಬಿಟ್ಟರೆ. ಆದರೆ ಒಂದು ವಿಚಿತ್ರ ನೋಡಿ. ಮೊದಲು ಗಲ್ಲಿಗೇರಿದ ಬ್ರಿಜೆಟ್ ಬಿಷಪ್ ಹೆಸರು ನಮಗೆ ಗೊತ್ತಿರುವುದು ಅವಳನ್ನು ಕೊಂದ ನ್ಯಾಯಾಲಯವೇ ಅದನ್ನು ಬರೆದಿಟ್ಟದ್ದರಿಂದ. ಅಲ್ಲಿ ಹೆಸರು ಉಳಿಯಿತು, ಮುಖ ಹೇಗಿತ್ತೋ ಯಾರೂ ಅರಿಯರು. ಇಲ್ಲಿ ಹೆಸರಿಲ್ಲ, ಮುಖ ಮಾತ್ರ ಜಗತ್ತಿಗೆಲ್ಲ ಗೊತ್ತು.

ಆ ಮುಖ ಬ್ಯಾನನ್ ಕೈಚಳಕ. ಕಣ್ಣುಗಳು ನೆರಳಲ್ಲಿ ಮುಳುಗಿ, ತುಟಿ ತುಸುವೇ ತೆರೆದು, ಕೊರೆಯಚ್ಚಿನಲ್ಲಿ ಒತ್ತಿದಂತೆ ಕಪ್ಪುಬಿಳುಪಾಗಿ, ಸುತ್ತ ಮಾಸಿದ ಬಣ್ಣದ ಗೀರುಗಳು. ಟೀ ಶರ್ಟು, ಭಿತ್ತಿಪತ್ರ, ಹಚ್ಚೆಗಳ ಮೇಲೆ ಆಲ್ಬಂ ಕೇಳದವರಿಗೂ ಪರಿಚಿತವಾಗುವಷ್ಟು ಅದು ಹರಡಿತು. ಯಾರ ಮುಖ ಎಂದು ಅಭಿಮಾನಿಗಳು ಇಪ್ಪತ್ತು ವರ್ಷ ತರ್ಕಿಸಿದರು. 2022ರಲ್ಲಿ ಉತ್ತರ ಹೊರಬಿತ್ತು. ಫ್ರಾನ್ಸಿನ ರೂಪದರ್ಶಿ, ನಟಿ ಆಡ್ರೆ ಮಾರ್ನೆ. ಮರೀ ಕ್ಲೇರ್ ಪತ್ರಿಕೆಗೆಂದು ಆಕೆಯನ್ನು ತೆಗೆದಿದ್ದ ಒಂದು ಛಾಯಾಚಿತ್ರ ಬ್ಯಾನನ್ ಚಿತ್ರಕ್ಕೆ ಆಧಾರವಾಗಿತ್ತು. ಅದನ್ನು ಬ್ಯಾನನ್ ಕೂಡ ಒಪ್ಪಿಕೊಂಡರು. ನನಗೆ ತಿಳಿದ ಕೆಲವು ಕೇಳುಗರಿಗೆ ಇದರಿಂದ ನಿರಾಸೆಯಾಯಿತು. ಇಷ್ಟು ವರ್ಷ ಒಬ್ಬನ ಕಳೆದುಹೋದ ಪ್ರೇಮವೆಂದು ಪೂಜಿಸಿದ್ದು ಫ್ಯಾಷನ್ ಪತ್ರಿಕೆಯ ಪುಟವೇ ಎಂದು. ನನಗೆ ಮಾತ್ರ ಹಗುರವೆನಿಸಿತು. ಆ ಮುಖ ಯಾರ ಶೋಕಕ್ಕೂ ಒಡವೆಯಾಗಿರಲಿಲ್ಲ. ಅವಳು ಎಲ್ಲೋ ತನ್ನ ಪಾಡಿಗೆ ತನ್ನ ಕೆಲಸ ಮಾಡಿಕೊಂಡಿದ್ದಳು, ಹೆಸರಿಟ್ಟುಕೊಂಡೇ.

ಅದಕ್ಕೆ ಕೆಲವೇ ತಿಂಗಳ ಮುಂಚೆ, 2021ರ ನವೆಂಬರ್‌ನಲ್ಲಿ, ಕನ್ವರ್ಜ್ ‘ಬ್ಲಡ್‌ಮೂನ್: ಒನ್’ ಎಂಬ ಆಲ್ಬಂ ತಂದಿತ್ತು. ಅದರಲ್ಲಿ ಗಾಯಕಿ ಚೆಲ್ಸಿ ವುಲ್ಫ್ ಬ್ಯಾನನ್ ಜೊತೆ ಸಮಸಮವಾಗಿ ಹಾಡುತ್ತಾರೆ. ಜೇನ್ ಡೋದಷ್ಟು ಗಟ್ಟಿ ಆಲ್ಬಂ ಅದಲ್ಲ, ಕೆಲವು ಕಡೆ ಅಲಂಕಾರ ಹೆಚ್ಚಾಯಿತು ಅನ್ನಿಸುತ್ತದೆ. ಆದರೆ ಮೊದಲ ಹಾಡಿನಲ್ಲೇ ಅವಳ ದನಿ ಗಿಟಾರುಗಳ ಮೇಲೆದ್ದು ಬರುತ್ತದೆ, ಒಂದೊಂದು ಪದವೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತದೆ.